ಉಚಿತ ಕುಡಗೋಲು ಹಣಿಸುವ ಶಿಬಿರ

ಸೈಕ್ಲೋನಿನ ಮಳೆ ಬಿದ್ದ ಮೇಲೆ ನಮ್ಮೂರಿನ ಸಾವುಕಾರರಿಗೆ ಕುಡಗೋಲಿನ ನೆನಪಾಯಿತು.

ಅಲ್ಲಿಯತನಕ ಸಿದ್ದಾಪುರದ ಸುತ್ತಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ಅಂದರೆ ಯಂತ್ರ ಕೊಯ್ಯುವುದು, ಗದ್ದೆಯ ಧಣಿ ಬದುವಿನ ಮೇಲೆ ನಿಂತು ಫೋನಿನಲ್ಲಿ ಮಾತಾಡುವುದು. ಯಂತ್ರ ತಿರುಗಲಾರದ ಮೂಲೆಗಳಲ್ಲಿ ಉಳಿದದ್ದನ್ನು ಕೊಯ್ಯಲು ಮಾತ್ರ ನಮ್ಮ ಗುಂಪಿನ ಹೆಂಗಸರನ್ನು ಕರೆಯುತ್ತಿದ್ದರು. ಈ ವರ್ಷ ತೆನೆ ಬಲಿತು ನಿಂತಾಗ ಮಳೆ ಹಿಡಿಯಿತು. ಭತ್ತವೆಲ್ಲ ಚಾಪೆ ಹಾಸಿದಂತೆ ಮಲಗಿತು. ಬಸವಕುಮಾರನ ಗದ್ದೆಗೆ ಇಳಿದ ಯಂತ್ರ ಹೊಟ್ಟೆಯವರೆಗೂ ಹುಗಿದು ನಿಂತಿತು. ಅದನ್ನು ಎಳೆಯಲು ಹೋದ ಅವನ ಹೊಸ ಟ್ರ್ಯಾಕ್ಟರ್ ಅದರ ಪಕ್ಕದಲ್ಲೇ ಹುಗಿಯಿತು. ಊರಿನ ಹುಡುಗರು ಎರಡರ ಮುಂದೆಯೂ ನಿಂತು ಸೆಲ್ಫಿ ತೆಗೆದುಕೊಂಡರು.

ಬಸವಕುಮಾರನಿಗೆ ಗಂಗಾವತಿ ರಸ್ತೆಯಲ್ಲಿ ಗೊಬ್ಬರದ ಅಂಗಡಿ ಇದೆ, ಕಾಲುವೆಯ ಕೆಳಗೆ ಬೇಕಾದಷ್ಟು ಜಮೀನಿದೆ. ಬರುವ ಸೊಸೈಟಿ ಚುನಾವಣೆಗೆ ನಿಲ್ಲುವವನಿದ್ದಾನೆ. ಮೈಕು ಸಿಕ್ಕರೆ ಸಾಕು, ತಾನು ಮಣ್ಣಿನಲ್ಲಿ ಹುಟ್ಟಿದವನು ಎನ್ನುತ್ತಾನೆ. ಚಪ್ಪಲಿಗೆ ಆ ಮಣ್ಣು ತಾಗಿದರೆ ಮಾತ್ರ ನಳದ ಕೆಳಗೆ ನಿಂತು, ಹಿಂದಿನವರ ಕೊಡ ಕಾಯುತ್ತಿದ್ದರೂ ಲೆಕ್ಕಿಸದೆ, ಕಾಲು ತೊಳೆಯುತ್ತಲೇ ಇರುತ್ತಾನೆ.

ಅವನು ಹುಲಗಮ್ಮನನ್ನು ಕರೆಸಿದ. ಹುಲಗಮ್ಮ ನಮ್ಮ ಕೂಲಿ ಗುಂಪಿನ ಹಿರಿಯಳು. ಯಾರ ಗದ್ದೆಗೆ ಹೋಗಬೇಕು, ಯಾರು ಸಾಲು ಹಿಡಿದು ಕೊಯ್ಯಬೇಕು, ಯಾರು ಹಿಂದೆ ಬಂದು ಕೊಯ್ದದ್ದನ್ನು ಒಟ್ಟು ಮಾಡಿ ಸಿವುಡು ಕಟ್ಟಬೇಕು, ಎಲ್ಲವೂ ಅವಳ ಮಾತು. ನಾನೂ ಅವಳ ಜೊತೆ ಹೋಗಿ ಪಡಸಾಲೆಯ ಕಂಬದ ಮರೆಯಲ್ಲಿ ನಿಂತಿದ್ದೆ. ಎಲ್ಲಿ ಹೋದರೂ ನನಗೊಂದು ಕಂಬ ಬೇಕು.

"ನಾಳಿಂದನ ಬರ್ರಿ," ಎಂದ ಬಸವಕುಮಾರ. "ನೆಲ್ಲು ನೀರಾಗ ಮೊಳಕಿ ಒಡ್ಯಾಕತ್ತೈತಿ."

"ಬರ್ತೀವ್ರಿ ಸಾವುಕಾರ್ರ. ಆದ್ರ ಕುಡಗೋಲು ಹಣಿಸಬೇಕು. ಎಲ್ಲಾ ಮೊಂಡ ಬಿದ್ದಾವು."

"ಹಣಿಸೂದಂದ್ರ?"

ಹುಲಗಮ್ಮ ಒಂದು ಗಳಿಗೆ ಅವನ ಮುಖ ನೋಡಿದಳು. ಚೇಷ್ಟೆ ಮಾಡುತ್ತಿದ್ದಾನೇನೋ ಎಂದುಕೊಂಡಿರಬೇಕು. "ಹಣಿಸೂದಂದ್ರ ಹಣಿಸೂದ್ರಿ. ಕುಲುಮಿಗೆ ಹೋಗಿ, ಕಾಸಿ, ಬಡಿಸಿಕೊಂಡು ಬರೂದು. ನಿಮ್ಮವ್ವಾರನ್ನ ಕೇಳ್ರಿ, ಹೇಳ್ತಾರ."

"ಹಣಿಸೂದು," ಎಂದು ಬಸವಕುಮಾರ ಬಾಯಲ್ಲಿ ಚೀಪಿ ನೋಡಿದ. "ಭಾಳ ಛಲೋ ಐತಲ್ಲ ಮಾತು. ಹಳೇದು. ಮಂದಿ ಎದಿಗೆ ತಟ್ಟತೈತಿ. ಹುಲಗಮ್ಮ, ನೀವ್ಯಾರೂ ಕುಲುಮಿಗೆ ಹೋಗೂದು ಬ್ಯಾಡ. ನಾನ ಹಣಿಸಿ ಕೊಡ್ತೀನಿ. ಎಲ್ಲಾರಿಗೂ. ಫುಕಟ."

ಮಾತನ್ನಷ್ಟೇ ಎತ್ತಿಕೊಂಡು ಒಳಗೆ ಹೋದ. ಅರ್ಥವನ್ನು ಪಡಸಾಲೆಯಲ್ಲೇ ಬಿಟ್ಟು ಹೋದ.

ಕುಡಗೋಲು ಮಸೆಯುವುದು ಬೇರೆ, ಹಣಿಸುವುದು ಬೇರೆ. ಮಸೆಯುವುದನ್ನು ಮನೆಯ ಮುಂದಿನ ಕಲ್ಲಿನ ಮೇಲೆ ಯಾರಾದರೂ ಮಾಡಬಹುದು. ಹಣಿಸಲು ಕಂಬಾರನೇ ಬೇಕು. ಸವೆದ ಬಾಯನ್ನು ಬೆಂಕಿಯಲ್ಲಿ ಕೆಂಪಗೆ ಕಾಸಿ, ಸುತ್ತಿಗೆಯಿಂದ ಬಡಿದು ತೆಳ್ಳಗೆ ಮಾಡುತ್ತಾನೆ. ಆಮೇಲೆ ಸಣ್ಣ ಚಾಣದಿಂದ ಒಂದು ಮಗ್ಗುಲಿಗೆ ಹಲ್ಲು ಹಾಕುತ್ತಾನೆ. ಕಡೆಗೆ ನೀರಿಗೆ ಅದ್ದುತ್ತಾನೆ. ಕಬ್ಬಿಣ ಅಷ್ಟೇ ಇರುತ್ತದೆ, ಎಲ್ಲಿಂದಲೂ ಒಂದು ಚೂರು ಹೋಗುವುದಿಲ್ಲ, ಬಾಯಿ ಮಾತ್ರ ಹೊಸದಾಗುತ್ತದೆ. ನಮ್ಮ ಕಡೆ ಇನ್ನೊಂದು ರೂಢಿಯಿದೆ: ಹಣಿಸುವ ಕುಡಗೋಲನ್ನು ಬೇರೆಯವರ ಕೈಯಲ್ಲಿ ಕಳಿಸುವುದಿಲ್ಲ. ಯಾರದೋ ಅವರೇ ಹೋಗಿ ಕುಲುಮೆಯ ಮುಂದೆ ಕೂಡಬೇಕು. ಕಂಬಾರ ಬರಿಗೈಯನ್ನು ಗಾಳಿಯಲ್ಲಿ ಬೀಸಿ ತೋರಿಸು ಎನ್ನುತ್ತಾನೆ. ಬೀಸಿದ ಕೈ ನೋಡಿ ಬಾಗು ಕೂಡಿಸುತ್ತಾನೆ.

ನಾನು ಎಡಗೈಯವಳು. ಊರಿನವರ ಬಾಯಲ್ಲಿ ರೊಡ್ಡಿ. ಎಲ್ಲರ ಕುಡಗೋಲಿನ ಹಲ್ಲು ಬಲಗೈಗೆ ಹಾಕಿದ್ದು. ಅದನ್ನು ನಾನು ಎಡಗೈಯಲ್ಲಿ ಹಿಡಿದರೆ ಹಲ್ಲು ಆಕಾಶ ನೋಡುತ್ತವೆ, ಹುಲ್ಲು ಜಾರುತ್ತದೆ. ಬಲಗೈಯಲ್ಲಿ ಹಿಡಿದರೆ ನನ್ನ ಬೆರಳೇ ಕೊಯ್ಯುತ್ತದೆ. ಅದಕ್ಕೇ ಶಾಲೆ ಬಿಟ್ಟು ಗುಂಪು ಸೇರಿದ ಮೇಲೆ ಬಹಳ ದಿನ ನಾನು ಎಲ್ಲರ ಹಿಂದೆ ಬಗ್ಗಿ ಸಿವುಡು ಕಟ್ಟಿದೆ. ಸಿವುಡು ಕಟ್ಟುವವಳಿಗೆ ಎಲ್ಲರೂ ಯಜಮಾನರೇ. ನೀರು ತಾ, ಎಲಿ ಚೀಲ ತಾ, ನನ್ನ ಕೂಸು ಅಳಾಕತ್ತೈತಿ ನೋಡಿ ಬಾ. ಕಡೆಗೆ ನಮ್ಮವ್ವ ಮುದುಕಮ್ಮ ಬೇಸತ್ತು ನನ್ನನ್ನು ಕಂಬಾರ ಮೌನೇಶಪ್ಪನ ಕುಲುಮೆಗೆ ಎಳೆದುಕೊಂಡು ಹೋದಳು. ಮೌನೇಶಪ್ಪ ನನ್ನ ಎಡಗೈ ಬೀಸಿಸಿ ನೋಡಿದ, ನಕ್ಕ, ಇಂಥ ಉಲ್ಟಾ ಕೆಲಸ ತನ್ನನ್ನು ಬಿಟ್ಟರೆ ಕೊಪ್ಪಳ ಜಿಲ್ಲೆಯಲ್ಲಿ ಯಾರಿಗೂ ಬರುವುದಿಲ್ಲ ಎಂದು ತನ್ನನ್ನು ತಾನೇ ಹೊಗಳಿಕೊಂಡ. ಆದರೆ ಮಾಡಿಕೊಟ್ಟ. ಹಲ್ಲು ಆಚೆ ಮಗ್ಗುಲಿಗಿರುವ ಕುಡಗೋಲು ಈ ಸೀಮೆಯಲ್ಲಿ ನನ್ನದೊಂದೇ ಇರಬೇಕು.

ಅಂದಿನಿಂದ ನಾನು ಸಾಲಿನಲ್ಲಿ ನಿಂತೆ. ಹುಲಗಮ್ಮ ಆಗಲೇ ಕರಾರು ಹಾಕಿದ್ದಳು: "ಕೊಯ್ದಿ ಅಂದ್ರ ಸಾಲಿನ್ಯಾಗ ಇರು. ಒಂದ ದಿನ ಹಿಂದ ಬಿದ್ದಿ ಅಂದ್ರ ಸಿವುಡಿಗೆ ನಡಿ. ನನ್ನ ಮುಂದ ಅಳಬ್ಯಾಡ." ನನ್ನ ಸಾಲು ಅಂದರೆ ಆ ಕುಡಗೋಲು. ಮಳೆಗೆ ಮುಂಚೆಯೇ ನಾನು ಅದನ್ನು ಹಣಿಸಿ, ಎಣ್ಣೆ ಸವರಿ, ಹರಕು ಸೀರೆಯಲ್ಲಿ ಸುತ್ತಿ ಇಟ್ಟಿದ್ದೆ.

ಮರುದಿನ ಆಟೋದಲ್ಲಿ ಮೈಕು ಕೂಗಿಕೊಂಡು ಬಂತು. "ರೈತಬಂಧು ಬಸವಕುಮಾರ ಅವರ ವತಿಯಿಂದ ಉಚಿತ ಕುಡಗೋಲು ಹಣಿಸುವ ಶಿಬಿರ! ತಾಯಂದಿರೇ, ಬನ್ನಿ, ಹಣಿಸಿಕೊಳ್ಳಿ!" ಕಣ್ಣಿನ ಶಿಬಿರ, ಹಲ್ಲಿನ ಶಿಬಿರ ಕೇಳಿದ್ದೆವು. ಅದರ ಮಾರನೆಯ ದಿನ ಸಮುದಾಯ ಭವನದ ಮುಂದೆ ಶಾಮಿಯಾನ ಎದ್ದಿತು. ಬ್ಯಾನರಿನಲ್ಲಿ ಎಂಟು ಮುಖಗಳಿದ್ದವು. ಎಲ್ಲಕ್ಕಿಂತ ದೊಡ್ಡದು ಬಸವಕುಮಾರನದು, ಅದೂ ತಲೆಗೆ ಹಸಿರು ಟವೆಲು ಸುತ್ತಿಕೊಂಡು. ಒಂದು ಮೂಲೆಯಲ್ಲಿ ಕಿವಿಯೋಲೆಯಷ್ಟು ಚಿಕ್ಕದೊಂದು ಕುಡಗೋಲು.

"ನಿಂದು ಹಣಿಸಿದ್ದ ಐತಿ. ಮನ್ಯಾಗ ಬಿಟ್ಟ ಹೋಗು," ಎಂದಳು ಅವ್ವ.

ಆಗುತ್ತಿರಲಿಲ್ಲ. ಹುಲಗಮ್ಮ ಬಾಗಿಲಿಗೆ ಬಂದು ಹೇಳಿ ಹೋಗಿದ್ದಳು: "ಎಲ್ಲಾರೂ ಕುಡಗೋಲು ತಗೊಂಡ ಬರ್ಬೇಕು. ಸಾವುಕಾರ್ರು ತಲಿ ಎಣಿಸ್ತಾರ. ಬರಲಾರದಾಕಿ ಗದ್ದಿಗೂ ಬರೂದು ಬ್ಯಾಡ."

ಶಾಮಿಯಾನದ ಬಾಯಲ್ಲೇ ಬಿಳಿ ಅಂಗಿಯ ಇಬ್ಬರು ನಿಂತು ಎಲ್ಲರ ಕುಡಗೋಲು ಇಸಕೊಂಡು ಒಂದು ದೊಡ್ಡ ಪ್ಲಾಸ್ಟಿಕ್ ಬುಟ್ಟಿಗೆ ಎಸೆಯುತ್ತಿದ್ದರು. ಬದಲಿಗೆ ಒಂದು ತಟ್ಟೆ ಉಪ್ಪಿಟ್ಟು. ನನ್ನ ಕೈಯಲ್ಲಿದ್ದದ್ದನ್ನೂ ಕಿತ್ತುಕೊಂಡು ಎಸೆದರು. "ಅದು ಹಣಿಸಿದ್ದ ಐತ್ರಿ" ಎನ್ನುವಷ್ಟರಲ್ಲಿ ಕೈಗೆ ಉಪ್ಪಿಟ್ಟು ಬಂದಿತ್ತು. ಎಂದೆನೋ, ಬರೀ ಅಂದುಕೊಂಡೆನೋ, ಅದೂ ಈಗ ಖಾತ್ರಿಯಿಲ್ಲ. ಹೋಗಿ ಶಾಮಿಯಾನದ ಕಂಬದ ಪಕ್ಕ ಕೂತೆ.

ವೇದಿಕೆಯ ಮೇಲೆ ಮೌನೇಶಪ್ಪನನ್ನು ಕಂಡಾಗ ಜೀವ ಬಂದಂತಾಯಿತು. ಅವನಿದ್ದಾನೆಂದರೆ ಕುಲುಮೆಯೂ ಬಂದಿರಬೇಕು ಎಂದುಕೊಂಡೆ. ಸುತ್ತ ನೋಡಿದೆ. ಬೆಂಕಿಯಿಲ್ಲ, ತಿದಿಯಿಲ್ಲ, ಅಡಿಗಲ್ಲಿಲ್ಲ. ಒಂದು ಮೇಜು, ಅದರ ಮೇಲೆ ಕರೆಂಟಿನಲ್ಲಿ ತಿರುಗುವ ಸಾಣೆಯ ಚಕ್ರ. ಅದರ ಹಿಂದೆ ಗಂಗಾವತಿಯ ವೆಲ್ಡಿಂಗ್ ಅಂಗಡಿಯ ಅಸ್ಲಮ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು.

ಬಸವಕುಮಾರ ಮೈಕು ಹಿಡಿದ. "ಹಣಿಸೂದು! ಎಂಥಾ ಮಾತು ನೋಡ್ರಿ! ನಮ್ಮ ಅಜ್ಜಂದಿರು ಬಿಟ್ಟು ಹೋದ ಮಾತು. ಇವತ್ತಿನ ಹುಡುಗರಿಗೆ ಗೊತ್ತಿಲ್ಲ. ನಾಚಿಕಿ ಬರಬೇಕು ನಮಗ. ಆ ಮಾತು ಉಳಿಸಾಕಂತನ ಈ ಬಸವಕುಮಾರ ನಿಂತಾನ." ಎರಡು ದಿನದ ಹಿಂದೆ ಅದರ ಅರ್ಥ ಕೇಳಿದವನು ಹೀಗೆ ಹೇಳುವಾಗ ಅವನ ಕಣ್ಣಲ್ಲಿ ನೀರೂ ಬಂತು. ಆ ನೀರು ಅವನಿಗೆ ಬೇಕೆಂದಾಗ ಬರುತ್ತದೆ. ನಾನು ಬೇರೆ ಕಡೆಯೂ ನೋಡಿದ್ದೇನೆ.

ಅಸ್ಲಮ ಗುಂಡಿ ಒತ್ತಿದ. ಚಕ್ರ ಕಿರುಚಿತು. ಮೊದಲ ಕುಡಗೋಲು ಇಟ್ಟ ಕೂಡಲೆ ಕಿಡಿಗಳು ಮತಾಪಿನ ಹಾಗೆ ಹಾರಿದವು. ಮಂದಿ ಚಪ್ಪಾಳೆ ಹೊಡೆದರು. ಆ ಕಿಡಿಗಳೆಲ್ಲ ಕುಡಗೋಲಿನ ಹಲ್ಲು. ಹುಡಿಯಾಗಿ ನೆಲಕ್ಕೆ ಬೀಳುತ್ತಿದ್ದವು. ಬಾಯಿ ಕಾದು ಅಂಚು ನೀಲಿಯಾಯಿತು. ಹಾಗೆ ಕಾದ ಅಂಚು ಮೆತ್ತಗಾಗುತ್ತದೆಂದು ಕುಲುಮೆಯ ಮುಂದೆ ಕೂತೆದ್ದ ಯಾವ ಹೆಂಗಸಿಗಾದರೂ ಗೊತ್ತು. ಗೊತ್ತಿದ್ದವರೇ ಚಪ್ಪಾಳೆ ಹೊಡೆಯುತ್ತಿದ್ದರು, ಯಾಕೆಂದರೆ ಕುಡಗೋಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಹಿಡಿಗೆ ಹಸಿರು ರಿಬ್ಬನ್ನು ಕಟ್ಟಿ ಕೊಡುತ್ತಿದ್ದರು.

ನಾನು ಮೌನೇಶಪ್ಪನನ್ನೇ ನೋಡುತ್ತಿದ್ದೆ. ಚಕ್ರ ಕಿರುಚಿದಾಗಲೆಲ್ಲ ಅವನ ಭುಜ ಕುಪ್ಪಳಿಸುತ್ತಿತ್ತು. ಒಮ್ಮೆ ಕುರ್ಚಿಯ ಕೈ ಹಿಡಿದು ಎದ್ದೇಬಿಟ್ಟ. ಈಗ ಬೈಯುತ್ತಾನೆ ಎಂದುಕೊಂಡೆ. ಅವನ ಬೈಗುಳ ಊರಿಗೇ ಪ್ರಸಿದ್ಧ. ಕುಲುಮೆಯಲ್ಲಿ ಯಾರಾದರೂ ಸುತ್ತಿಗೆ ಜರುಗಿಸಿಟ್ಟರೂ ಅವರ ಮೂರು ತಲೆಮಾರು ಎತ್ತಿ ಆಡುವವನು. ಅಷ್ಟರಲ್ಲಿ ಬಸವಕುಮಾರ "ಹಿರಿಯ ಕಂಬಾರರಿಗೆ ಸನ್ಮಾನ!" ಎಂದು ಅವನ ಹೆಗಲಿಗೆ ಕೆಂಪು ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟ. ಎದ್ದವನು ಸನ್ಮಾನಕ್ಕೇ ಎದ್ದಂತಾಯಿತು. ಕೈ ಮುಗಿದ. ಕೂತ. ಆಮೇಲೆ ಶಿಬಿರ ಮುಗಿಯುವವರೆಗೂ ಸೇಬು ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಬುಟ್ಟಿ ಖಾಲಿಯಾಗುತ್ತ ಬಂತು. ಅಸ್ಲಮ ನನ್ನ ಕುಡಗೋಲು ಎತ್ತಿಕೊಂಡ. ತಿರುಗಿಸಿದ. ಕನ್ನಡಕ ತೆಗೆದು ನೋಡಿದ.

"ಇದರ ಹಲ್ಲು ಆ ಕಡಿ ಅದಾವಲ್ರಿ. ಹೊಸಾದಾಗಿ ಹಾಕಿದ್ದು ಕಾಣ್ತೈತಿ. ತಿಕ್ಕಲೇನ್ರಿ, ಬಿಡಲೇನ್ರಿ?"

ಬಸವಕುಮಾರ ಅದನ್ನು ಇಸಕೊಂಡು ಎತ್ತಿ ಹಿಡಿದು ಮಂದಿಗೆಲ್ಲ ತೋರಿಸಿದ. "ನೋಡ್ರಿ! ಉಲ್ಟಾ ಕುಡಗೋಲು! ಯಾವ ರೊಡ್ಡಿದವಾ ಇದು? ನಾಚಬ್ಯಾಡ್ರಿ, ಬರ್ರಿ ಮುಂದ! ಇಂಥಾ ಉಲ್ಟಾ ಸೀದಾ ಮಾಡಾಕಂತನ ಶಿಬಿರ ಇಟ್ಟೀನಿ." ಶಾಮಿಯಾನವೆಲ್ಲ ನಕ್ಕಿತು. "ಅಸ್ಲಮ, ತಿಕ್ಕು. ಸೀದಾ ಮಾಡು."

ಮೌನೇಶಪ್ಪನ ಕಡೆ ನೋಡಿದೆ. ಅವನ ಕೈಯಿಂದಲೇ ಆದ ಕುಡಗೋಲು, ಜಿಲ್ಲೆಯಲ್ಲೇ ಯಾರಿಗೂ ಬಾರದ ಕೆಲಸ. ಅವನೂ ನನ್ನ ಕಡೆ ನೋಡಿದ, ಆಮೇಲೆ ಬುಟ್ಟಿಯಲ್ಲಿದ್ದ ಮೋಸಂಬಿಯ ಕಡೆ ನೋಡಿದ.

ಚಕ್ರ ಮತ್ತೆ ತಿರುಗತೊಡಗಿತು. ನಾನು ಕಂಬ ಬಿಟ್ಟು ಎದ್ದೆ. ಕುರ್ಚಿಗಳ ನಡುವೆ ನಡೆಯುವಾಗ ಕಾಲಿಗೆ ಯಾರದೋ ಉಪ್ಪಿಟ್ಟಿನ ತಟ್ಟೆ ತಾಗಿ ಬಿತ್ತು. ಎಲ್ಲರೂ ನೋಡುತ್ತಿದ್ದರು. ನನ್ನದು ಎಂದು ಹೇಳಬೇಕಿತ್ತು, ಹೇಳಲಾಗಲಿಲ್ಲ. ಸುಮ್ಮನೆ ಮೇಜಿನ ಮುಂದೆ ನಿಂತು ಎಡಗೈ ಚಾಚಿದೆ. ಅಸ್ಲಮ ಕೈ ನೋಡಿದ, ಕುಡಗೋಲು ನೋಡಿದ. ಗುಂಡಿ ಒತ್ತಿ ಚಕ್ರ ನಿಲ್ಲಿಸಿ, ಹಿಡಿಯನ್ನು ನನ್ನ ಕಡೆ ಮಾಡಿ ಕೊಟ್ಟ. "ತಗೋ ತಂಗಿ. ನನಗ ಹೊಳಪ ಬರಸು ಅಂತ ಅಷ್ಟ ಹೇಳ್ಯಾರ."

"ಏ ಹಣಿಸಿಕೊಂಡ ಹೋಗವಾ! ಫುಕಟ ಐತಿ!" ಎಂದು ಬಸವಕುಮಾರ ಮೈಕಿನಲ್ಲಿ ಕೂಗಿದ. ನಗು ನನ್ನ ಬೆನ್ನ ಹಿಂದೆ ರಸ್ತೆಯವರೆಗೂ ಬಂತು. ಹುಲಗಮ್ಮ ಮಾತ್ರ ನಗಲಿಲ್ಲ. "ಸಾವುಕಾರ್ರ ಮುಂದ ನನ್ನ ಮಾನಾ ಕಳದಿ," ಎಂದಳು. "ನಾಳಿ ಹಿಂದ ಬೀಳು, ನೋಡ್ತೀನಿ."

ಬೆಳಿಗ್ಗೆ ಗದ್ದೆಗಿಳಿದಾಗ ಎಲ್ಲರ ಕೈಯಲ್ಲೂ ಹಸಿರು ರಿಬ್ಬನ್ನು ಹಾರುತ್ತಿತ್ತು. ಯಾರದು ಯಾರ ಕೈಗೆ ಬಂದಿತ್ತೋ ದೇವರಿಗೇ ಗೊತ್ತು. ಬುಟ್ಟಿಯಿಂದ ಕೈಗೆ ಸಿಕ್ಕಿದ್ದನ್ನು ಹಂಚಿದ್ದರು. ಮೊದಲ ಕೆಲವು ಹಿಡಿ ಬೆಣ್ಣೆಯ ಹಾಗೆ ಕೊಯ್ದವು. "ನೋಡಿದೇನ, ಮಷೀನಿಂದು ಎಷ್ಟ ಛಲೋ ಐತಿ," ಎಂದು ಒಬ್ಬಳು ನನಗೆ ಕೇಳಲೆಂದೇ ಹೇಳಿದಳು. ಬಿಸಿಲು ಏರುವ ಹೊತ್ತಿಗೆ ಅವಳ ಮಾತು ನಿಂತಿತು. ಮಲಗಿದ ಭತ್ತದ ಹುಲ್ಲು ಒದ್ದೆಯಾಗಿತ್ತು. ಹಲ್ಲಿಲ್ಲದ ಬಾಯಿಗೆ ಅದು ಸಿಗದೆ ಜಾರಿತು. ಮೆತ್ತಗಾದ ಅಂಚು ಮಡಚಿಕೊಂಡಿತು. ಜೋರು ಮಾಡಿ ಎಳೆದರೆ ಬುಡವೇ ಕೆಸರಿನ ಜೊತೆ ಎದ್ದು ಬಂತು, ತೆನೆ ಉದುರಿ ನೀರಿಗೆ ಬಿತ್ತು.

"ಇದು ಕೊಯ್ಯವಲ್ದು, ಕೀಳಾಕತ್ತೈತಿ!"

"ರಿಬ್ಬನ್ನಿನಿಂದ ಕೊಯ್ದು ನೋಡ, ಅದ ಹರಿತ ಐತೇನೋ."

"ನಿನ್ನೆ ಉಪ್ಪಿಟ್ಟು ತಿನ್ನೂವಾಗ ಗೊತ್ತಾಗಲಿಲ್ಲೇನ ನಿನಗ?"

"ನಿನಗ ಗೊತ್ತಾಗಿತ್ತೇನ? ಎರಡ ಸಲ ಹಾಕಿಸಿಕೊಂಡಿ!"

ನಾನು ತಲೆ ಎತ್ತಲಿಲ್ಲ. ಎತ್ತಿದಾಗ ನೋಡಿದರೆ ಸಾಲು ಎಲ್ಲೋ ಹಿಂದೆ ಉಳಿದಿತ್ತು. ಗದ್ದೆಯ ನಡುವೆ ನಾನೊಬ್ಬಳೇ ಇದ್ದೆ.

ಅದೇ ಹೊತ್ತಿಗೆ ಬಸವಕುಮಾರ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬ್ಯಾನರಿನಲ್ಲಿದ್ದ ಅದೇ ಹಸಿರು ಟವೆಲು. ಜೊತೆಗೆ ಉದ್ದನೆಯ ಕೋಲಿಗೆ ಫೋನು ಸಿಕ್ಕಿಸಿಕೊಂಡ ವಿಡಿಯೋದವನು. ನೇರ ಪ್ರಸಾರವಂತೆ, ಆಗಿಂದಾಗಲೇ ಎಲ್ಲರ ಫೋನಿಗೂ ಹೋಗುತ್ತದಂತೆ. ಹಿಂದೆ ಬಿದ್ದ ಹೆಂಗಸರ ಕಡೆ ಅವನು ತಿರುಗಿಯೂ ನೋಡಲಿಲ್ಲ. ಮುಂದಿದ್ದ ನನ್ನ ಕಡೆ ಬದುವಿನ ಮೇಲೆ ಕಾಲ್ಬೆರಳೂರಿ ಬಂದ.

"ಬಂಧುಗಳೇ, ನೋಡ್ರಿ ನಮ್ಮ ಶಿಬಿರದ ಫಲ! ನಿನ್ನೆ ಹಣಿಸಿದ ಕುಡಗೋಲು. ಹೆಂಗ ಕೊಯ್ಯಾಕತ್ತೈತಿ ನೋಡ್ರಿ ಈ ತಂಗಿ!"

ರಿಬ್ಬನ್ನಿಲ್ಲದ್ದು ಅವನಿಗೆ ಕಾಣಲಿಲ್ಲ. ನಿನ್ನೆ ತಾನು ನಗೆಪಾಟಲು ಮಾಡಿದ ಹುಡುಗಿ ಇವಳೇ ಎಂಬ ನೆನಪೂ ಇಲ್ಲ. ಅವನಿಗೆ ನಮ್ಮ ಮುಖಗಳು ಬುಟ್ಟಿಯಲ್ಲಿದ್ದ ಕುಡಗೋಲುಗಳ ಹಾಗೆ. ಆಮೇಲೆ ನನ್ನ ಕೈ ಕಂಡಿತು. ಫೋನಿಗೆ ಅಂಗೈ ಅಡ್ಡ ಹಿಡಿದು ಸಣ್ಣ ದನಿಯಲ್ಲಿ ಹೇಳಿದ: "ಎಡಗೈಲೆ ಅನ್ನ ಕೊಯ್ಯೂದು ಛಲೋ ಕಾಣಂಗಿಲ್ಲವಾ. ಮಂದಿ ನೋಡಾಕತ್ತಾರ. ಬಲಗೈಯಾಗ ಹಿಡಿ."

ಸಾವುಕಾರ ಬಂದದ್ದು ಕಂಡು ಹುಲಗಮ್ಮ ಹತ್ತಿರಕ್ಕೆ ಬಂದಿದ್ದಳು. ನಾನು ಅವಳ ಕಡೆ ನೋಡಿದೆ. ಅವಳಿಗೆ ಕೇಳಿಸಿತ್ತು. ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು. ಅವಳ ಕೈಯಲ್ಲಿದ್ದ ಕುಡಗೋಲಿನ ಬಾಯಿ ಮಡಚಿ ಸೌಟಿನ ಹಾಗಾಗಿತ್ತು. ಒಮ್ಮೆ ಅದನ್ನು ನೋಡಿದಳು, ಒಮ್ಮೆ ಸಾವುಕಾರನನ್ನು.

"ಹಿಡಿಯವಾ ಮಲ್ಲೇಶ್ವರಿ," ಎಂದಳು, ಮುಖದ ಒಂದು ಗೆರೆಯೂ ಅಲುಗದೆ. "ಸಾವುಕಾರ್ರು ಹೇಳಾಕತ್ತಾರಲ್ಲ. ಬಲಗೈಯಾಗ ಹಿಡಿ."

ಹಿಡಿದೆ. ಎಲ್ಲರೂ ಚಿಕ್ಕಂದಿನಿಂದ ಹೇಳುತ್ತಿದ್ದ ಹಾಗೆ, ಬಲಗೈಯಲ್ಲಿ. ಹಲ್ಲು ಆಕಾಶಕ್ಕೆ ಮುಖ ಮಾಡಿದವು. ಒಂದು ಹಿಡಿ ಹುಲ್ಲು ಹಿಡಿದು ಎಳೆದೆ. ಜಾರಿತು. ಮತ್ತೆ ಎಳೆದೆ. ಮತ್ತೆ ಜಾರಿತು. ಫೋನು ಹತ್ತಿರ ಬಂತು.

"ಜೋರು ಮಾಡವಾ!"

ಜೋರು ಮಾಡಿದೆ. ಬುಡ ಸಮೇತ ಕಿತ್ತು ಬಂದ ಭತ್ತದ ಕೆಸರು ಅವನ ಅಂಗಿಯ ಮೇಲೆ ಬಿತ್ತು.

"ತಾ ಇಲ್ಲಿ!" ಎಂದು ಬಸವಕುಮಾರ ಕುಡಗೋಲು ಕಸಿದುಕೊಂಡ. ಕೊಯ್ಯುವುದು ಏನು ಮಹಾ ಎಂದು ತೋರಿಸಲು ಗದ್ದೆಗಿಳಿದು ಬಗ್ಗಿದ. ಬಲಗೈಯವನು. ಎಳೆದ, ಜಾರಿತು. ಹಲ್ಲು ಕಚ್ಚಿ ಎಳೆದ, ಜಾರಿತು. ಮೂರನೆಯ ಸಲ ಎಳೆದ ರಭಸಕ್ಕೆ ಕೆಸರಿನಲ್ಲಿ ಕುಂಡೆಯೂರಿ ಕೂತ. ವಿಡಿಯೋದವನು ಪಾಪ ಕೆಲಸದಲ್ಲಿ ಪ್ರಾಮಾಣಿಕ, ಫೋನನ್ನು ಅತ್ತ ಇತ್ತ ಅಲ್ಲಾಡಿಸಲಿಲ್ಲ. "ಸಾರ್, ಇದು ನಿನ್ನೆ ಹಣಿಸಿದ್ದಲ್ಲೇನ್ರಿ?" ಎಂದೂ ಕೇಳಿದ.

"ಹಣಿಸಿದ್ದು ಅದೊಂದ ರೀ," ಎಂದಳು ಹುಲಗಮ್ಮ, ಅವಳಿಗೆ ಮೈಕೇ ಬೇಡ. "ಅದಕ್ಕೂ ಹಿಡಿಯೂ ಕೈ ಬೇಕು. ಉಳದವೆಲ್ಲ ನಿಮ್ಮ ಶಿಬಿರದವು." ಹಾಗೆಂದು ತನ್ನ ಕುಡಗೋಲನ್ನು, ರಿಬ್ಬನ್ನಿನ ಸಮೇತ, ಅವನ ಪಕ್ಕದ ಕೆಸರಿಗೆ ಒಗೆದಳು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಒಗೆದರು. ನಿನ್ನೆ ಚಪ್ಪಾಳೆ ಹೊಡೆದ ಕೈಗಳೇ ಅವು. ನನಗೆ ಅವರ ಮೇಲೂ ಅಂಥ ಗೌರವವೇನೂ ಹುಟ್ಟಲಿಲ್ಲ. ಆದರೆ ನೋಡಲು ಚಂದವಿತ್ತು.

ಮಧ್ಯಾಹ್ನ ಬಸವಕುಮಾರನ ಜೀಪೇ ನಮ್ಮನ್ನೂ ಕೆಸರಿನಿಂದ ಆರಿಸಿದ ಕುಡಗೋಲುಗಳನ್ನೂ ಹೇರಿಕೊಂಡು ಮೌನೇಶಪ್ಪನ ಕುಲುಮೆಗೆ ಹೋಯಿತು. ಸಾವುಕಾರನ ಕೈಯಿಂದ ಇಸಕೊಂಡ ನನ್ನದು ನನ್ನ ತೊಡೆಯ ಮೇಲಿತ್ತು. ಮೌನೇಶಪ್ಪ ಶಾಲು ಹೊದ್ದುಕೊಂಡೇ ತಿದಿಯ ಮುಂದೆ ಕೂತಿದ್ದ. ಕುಡಗೋಲುಗಳನ್ನು ಕಂಡದ್ದೇ ಬೈಗುಳ ಶುರುವಾಯಿತು. ಯಾವ ಮುಟ್ಠಾಳ ಇದನ್ನು ತಿಕ್ಕಿದ್ದು, ಯಾವ ಕಣ್ಣಿಲ್ಲದವನು ನೋಡುತ್ತ ಕೂತಿದ್ದ ಎಂದೆಲ್ಲ ಆಡಿದ. ಎಲ್ಲರೂ ಅವನ ಹೆಗಲ ಮೇಲಿನ ಶಾಲನ್ನೇ ನೋಡಿದರು. ಅವನಿಗೇ ತಿಳಿದು ದನಿ ಇಳಿಯಿತು.

"ಗದ್ದಲ ಭಾಳ ಇತ್ತವಾ," ಎಂದ, ಯಾರ ಮುಖವನ್ನೂ ನೋಡದೆ. "ಮೈಕ ಬ್ಯಾರೆ. ನಾ ಏನ ಹೇಳಿದ್ರೂ ಕೇಳತಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ ನಗಲು ನೋಡಿದ. "ನಿಂದೂ ಹಣಿಸಬೇಕೇನ ಮಲ್ಲೇಶ್ವರಿ? ತಾ, ಮೊದಲ ನಿಂದ ಮಾಡ್ತೀನಿ."

"ಬ್ಯಾಡ್ರಿ," ಎಂದೆ. ಈ ಸಲ ದನಿ ಬಂತು, ಎಲ್ಲರಿಗೂ ಕೇಳುವಷ್ಟು. "ಶಾಲು ತಗದ ಇಡ್ರಿ. ಕಿಡಿ ಬಿದ್ದು ಸುಟ್ಟೀತು."

ಅವನು ಶಾಲು ತೆಗೆದು ಗೂಟಕ್ಕೆ ಹಾಕಿದ. ಬೆಂಕಿ ಊದತೊಡಗಿದ.

ಹೊರಗೆ ಬಸವಕುಮಾರ ಜೀಪಿನ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. "ಎಲ್ಲಾ ಒಮ್ಮೆಗೆ ಹಾಕಿ ಬಡ್ಯಾಕ ಬರಂಗಿಲ್ಲೇನ್ರಿ? ನೆಲ್ಲು ಕೊಳ್ಯಾಕತ್ತೈತಿ ಅಲ್ಲಿ." ಒಳಗೆ ಒಬ್ಬಳು ಬರಿಗೈಯನ್ನು ಗಾಳಿಯಲ್ಲಿ ಬೀ​ಸಿ ತೋರಿಸುತ್ತಿದ್ದಳು, ಮೌನೇಶಪ್ಪ ನೋಡುತ್ತಿದ್ದ. ಉಳಿದವರು ಸಾಲಾಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಸರದಿ ಮುಗಿಯಲು ಸಂಜೆಯಾಗುತ್ತದೆ, ನಾಳೆಯೂ ಆಗಬಹುದು.

ನಾನು ಕುಲುಮೆಯ ಕಂಬಕ್ಕೆ ಒರಗಿ ಕೂತಿದ್ದೆ. ಹುಲಗಮ್ಮ ನನ್ನನ್ನು ನೋಡಿ ಗದರಿದಳು.

"ನೀ ಯಾಕ ಇಲ್ಲಿ ಕುಂತಿ? ನಿಂದು ನೆಟ್ಟಗೈತೆಲ್ಲ. ಗದ್ದಿಗೆ ನಡಿ. ಸಾಲು ಹಿಡದಿರು, ನಾವು ಹಿಂದ ಬರ್ತೀವಿ." ಬಾಯಿಯ ಎಲೆ ಉಗುಳಿ ಬಂದು ಮತ್ತೆ ಹೇಳಿದಳು: "ಸಿವುಡು ಇವತ್ತ ಕಟ್ಟಬ್ಯಾಡ. ನಾ ಬಂದ ಕಟ್ತೀನಿ."

ಗದ್ದೆಗೆ ಮರಳಿದಾಗ ಯಾರೂ ಇರಲಿಲ್ಲ. ಹುಗಿದ ಯಂತ್ರ, ಹುಗಿದ ಟ್ರ್ಯಾಕ್ಟರ್, ಅವುಗಳ ಮೇಲೆ ಬೆಳ್ಳಕ್ಕಿ. ಕೆಸರಿನಲ್ಲಿ ಸಾವುಕಾರ ಕೂತಿದ್ದ ಗುರುತು ಇನ್ನೂ ಹಾಗೇ ಇತ್ತು, ಅದರಲ್ಲಿ ನೀರು ತುಂಬಿಕೊಂಡಿತ್ತು. ಅದನ್ನು ದಾಟಿ ಹೋಗಿ, ಬಿಟ್ಟಲ್ಲಿಂದ ಎಡಗೈಯಲ್ಲಿ ಸಾಲು ಹಿಡಿದೆ.